ಒಂದೂವರೆ ಲಕ್ಷದ ಬಂಡವಾಳದಲ್ಲಿ ಮೊದಲ ಸೀರೆ ಖರೀದಿ: ಎಲ್ಲಿಂದ ತರಬೇಕು, ಎಷ್ಟು ತರಬೇಕು?

ಪ್ರಶ್ನೆ: ನಾನು ದಾವಣಗೆರೆಯವಳು. ಒಂದು ವರ್ಷದಿಂದ ಬೇರೆಯವರು ಕಳಿಸುವ ಸೀರೆಗಳ ಫೋಟೊಗಳನ್ನು ವಾಟ್ಸ್ಆಪ್ ಗುಂಪುಗಳಲ್ಲಿ ಹಾಕಿ, ಬಂದ ಆರ್ಡರನ್ನು ಅವರಿಗೇ ಒಪ್ಪಿಸಿ, ಸೀರೆಗೆ ಐವತ್ತೋ ನೂರೋ ರೂಪಾಯಿ ಉಳಿಸಿಕೊಳ್ಳುತ್ತಿದ್ದೇನೆ. ಈಗ ಕೈಯಲ್ಲಿ ಒಂದೂವರೆ ಲಕ್ಷ ರೂಪಾಯಿ ಕೂಡಿದೆ. ಸ್ವಂತ ಸರಕು ತಂದು ಆನ್‌ಲೈನ್‌ನಲ್ಲಿ ಮಾರುವ ಆಸೆಯಿದೆ. ಸೂರತ್ತಿಗೆ ಹೋಗಲೇ, ಇಳಕಲ್ಲಿಗೆ ಹೋಗಲೇ? ಒಬ್ಬರು ಕಿಲೋ ಲೆಕ್ಕದಲ್ಲಿ ಸೀರೆ ಕೊಡುತ್ತೇನೆಂದು ಮುಂಗಡ ಕೇಳುತ್ತಿದ್ದಾರೆ, ಕೊಡಬಹುದೇ? ಜಿಎಸ್‌ಟಿ ನೋಂದಣಿ ಈಗಲೇ ಬೇಕೇ? ಪುಣೆ, ಮುಂಬೈ ಕಡೆಯ ಗ್ರಾಹಕರೂ ಇದ್ದಾರೆ.

ಉತ್ತರ: ನಿಮ್ಮ ಕೊನೆಯ ಎರಡು ಪ್ರಶ್ನೆಗಳಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಕಿಲೋ ಲೆಕ್ಕದ ಸೀರೆಗೆ ಮುಂಗಡ ಕೊಡಬೇಡಿ. ಮಹಾರಾಷ್ಟ್ರದ ಗ್ರಾಹಕರಿಗೆ ನಿಮ್ಮದೇ ಸರಕನ್ನು ಮಾರುವುದಾದರೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಮೊದಲ ಸೀರೆಯಿಂದಲೇ ಬೇಕು. ಇವೆರಡಕ್ಕೂ ಕಾರಣಗಳನ್ನು ಮುಂದೆ ವಿವರಿಸುತ್ತೇನೆ. ಆದರೆ ಎಲ್ಲಿಂದ ತರಬೇಕು ಎನ್ನುವ ಪ್ರಶ್ನೆಯನ್ನು ನೀವು ಊರಿನ ಹೆಸರಿನಿಂದ ಆರಂಭಿಸಿದ್ದೀರಿ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಇಂದು ನಾನು ಕೊಳ್ಳುವ ಈ ಸೀರೆ, ಇದೇ ಬಣ್ಣ, ಇದೇ ಅಂಚು, ಇದೇ ಬಟ್ಟೆಯಲ್ಲಿ, ಇನ್ನು ಎರಡು ತಿಂಗಳಾದ ಮೇಲೆ ಐದೇ ಐದು ಬೇಕೆಂದರೆ ಇವರು ಕೊಡಬಲ್ಲರೇ?

ಅಂಗಡಿಯಲ್ಲಿ ಕುಳಿತು ಮಾರುವವರಿಗೆ ಈ ಪ್ರಶ್ನೆ ಇಷ್ಟು ಮುಖ್ಯವಲ್ಲ. ಅಲ್ಲಿ ಗಿರಾಕಿ ಬಂದು ಇದ್ದದ್ದರಲ್ಲಿ ಆರಿಸಿಕೊಳ್ಳುತ್ತಾರೆ, ಇಲ್ಲದ್ದನ್ನು ಕೇಳುವುದಿಲ್ಲ. ಆನ್‌ಲೈನ್ ಮಾರಾಟದಲ್ಲಿ ಗ್ರಾಹಕರು ಕೇಳುವುದು ಫೋಟೊದಲ್ಲಿ ಕಂಡ ಸೀರೆಯನ್ನೇ. ಒಂದು ಸೀರೆಯನ್ನು ಬಿಡಿಸಿ, ಸೆರಗು ಕಾಣುವಂತೆ ಹರಡಿ, ಹಗಲಿನ ಬೆಳಕಿನಲ್ಲಿ ಚಿತ್ರ ತೆಗೆದು, ಉದ್ದ, ನೂಲು, ರವಿಕೆ ಬಟ್ಟೆಯ ವಿವರ ಬರೆದು, ಕೇಳಿದವರಿಗೆಲ್ಲ ಉತ್ತರ ಕೊಡುವಷ್ಟರಲ್ಲಿ ಒಂದು ಗಂಟೆಯಾದರೂ ಹೋಗುತ್ತದೆ. ಆ ಸೀರೆ ಒಂದೇ ಇದ್ದರೆ ಆ ಗಂಟೆಯ ದುಡಿಮೆ ಒಂದು ಮಾರಾಟಕ್ಕೆ ಮುಗಿದುಹೋಯಿತು. ಅದೇ ಸೀರೆ ಮತ್ತೆ ಮತ್ತೆ ಸಿಗುವಂತಿದ್ದರೆ ಅದೇ ಚಿತ್ರ ಇಪ್ಪತ್ತು ಸೀರೆಗಳನ್ನು ಮಾರಿಕೊಡುತ್ತದೆ. ಒಬ್ಬರೇ ಕೆಲಸ ಮಾಡುವ ನಿಮ್ಮಂಥವರಿಗೆ ಹಣಕ್ಕಿಂತ ಸಮಯದ ಕೊರತೆಯೇ ಹೆಚ್ಚು. ಆದ್ದರಿಂದ ಹತ್ತು ರೂಪಾಯಿ ಕಡಿಮೆಗೆ ಒಮ್ಮೆ ಮಾತ್ರ ಸಿಗುವ ಸರಕಿಗಿಂತ, ಹತ್ತು ರೂಪಾಯಿ ಹೆಚ್ಚಾದರೂ ತಪ್ಪದೆ ಮತ್ತೆ ಸಿಗುವ ಸರಕು ನಿಮಗೆ ಲಾಭದ್ದು.

ಈ ದೃಷ್ಟಿಯಿಂದ ಸೂರತ್ತನ್ನು ನೋಡೋಣ. ದೇಶದಲ್ಲಿ ಸಿಂಥೆಟಿಕ್ ಸೀರೆಗಳ ದೊಡ್ಡ ಪೇಟೆ ಅದು. ರಿಂಗ್ ರೋಡಿನ ಉದ್ದಕ್ಕೂ ಇರುವ ಬಹುಮಹಡಿ ಮಾರ್ಕೆಟ್‌ಗಳಲ್ಲಿ ಜಾರ್ಜೆಟ್, ಶಿಫಾನ್, ಕ್ರೇಪ್, ಪ್ರಿಂಟೆಡ್ ಪಾಲಿಯೆಸ್ಟರ್ ಸೀರೆಗಳು ರಾಶಿ ರಾಶಿಯಾಗಿ ಮಾರಾಟವಾಗುತ್ತವೆ. ಅಲ್ಲಿನ ಪದ್ಧತಿ ಬಿಡಿ ಮಾರಾಟದ್ದಲ್ಲ, ಸೆಟ್ಟಿನದು. ಒಂದು ಡಿಸೈನಿಗೆ ನಾಲ್ಕು, ಆರು ಅಥವಾ ಎಂಟು ಬಣ್ಣ. ಕೊಂಡರೆ ಎಲ್ಲ ಬಣ್ಣಗಳನ್ನೂ ಕೊಳ್ಳಬೇಕು. ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡಿ. ಸೀರೆಗೆ 450 ರೂಪಾಯಿಯಂತೆ ಎಂಟರ ಸೆಟ್ಟಿಗೆ 3,600 ರೂಪಾಯಿ ಕೊಟ್ಟಿರಿ ಎಂದಿಟ್ಟುಕೊಳ್ಳಿ. 650ರಂತೆ ಆರು ಸೀರೆ ಮಾರಿದಾಗ ಕೈಗೆ ಬಂದದ್ದು 3,900. ಆರು ಸೀರೆ ಮಾರಿಯೂ ನಿಮಗೆ ಉಳಿದದ್ದು 300 ರೂಪಾಯಿ. ನಿಮ್ಮ ಮಿಕ್ಕ ಲಾಭವೆಲ್ಲವೂ ಯಾರಿಗೂ ಬೇಡವಾಗಿ ಉಳಿದ ಎರಡು ಬಣ್ಣಗಳಲ್ಲಿ ಮಡಿಚಿ ಕುಳಿತಿದೆ. ಹಳದಿ ಮುಗಿಯಿತು, ಇನ್ನೆರಡು ಹಳದಿ ಕೊಡಿ ಎಂದರೆ ಮತ್ತೆ ಪೂರ್ತಿ ಸೆಟ್ಟನ್ನೇ ಕೊಳ್ಳಬೇಕು, ಅದೂ ಆ ಡಿಸೈನ್ ಇನ್ನೂ ತಯಾರಾಗುತ್ತಿದ್ದರೆ. ಅಲ್ಲಿ ಡಿಸೈನ್‌ಗಳು ಬಹುಬೇಗ ಬದಲಾಗುತ್ತವೆ.

ಹಾಗೆಂದು ಸೂರತ್ತು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ತಿಂಗಳಿಗೆ ಐನೂರು ಸೀರೆ ಮಾರುವವರಿಗೆ ಅದು ಸರಿಯಾದ ಜಾಗ. ನಿಮಗೆ ಇನ್ನೂ ಆ ಕಾಲ ಬಂದಿಲ್ಲ. ದಿನಬಳಕೆಯ ಸಿಂಥೆಟಿಕ್ ಸೀರೆ ಬೇಕೇ ಬೇಕೆಂದರೆ ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿ. ಸೂರತ್ತಿನ ಮಾಲೇ ಅಲ್ಲಿ ಸ್ವಲ್ಪ ಹೆಚ್ಚಿನ ಬೆಲೆಗೆ ಸಿಗುತ್ತದೆ. ಆದರೆ ನಾಲ್ಕಾರು ಬಾರಿ ವ್ಯವಹಾರ ಮಾಡಿ ಪರಿಚಯವಾದ ಮೇಲೆ ಸೆಟ್ ಒಡೆದು ಕೊಡುವ ಸಗಟು ಅಂಗಡಿಗಳು ಅಲ್ಲಿ ಇವೆ. ಡಿಫೆಕ್ಟ್ ಬಂದರೆ ಅದೇ ವಾರ ಹೋಗಿ ಬದಲಾಯಿಸಿಕೊಂಡು ಬರಬಹುದು ಎನ್ನುವುದೇ ಆ ಹೆಚ್ಚಿನ ಬೆಲೆಗೆ ಸಾಕಷ್ಟು ಸಮರ್ಥನೆ.

ಕಿಲೋ ಲೆಕ್ಕದ ಸೀರೆಯ ಬಗ್ಗೆ ನನ್ನದೇ ಅನುಭವ ಹೇಳುತ್ತೇನೆ. ಜವಳಿ ವ್ಯಾಪಾರಕ್ಕೆ ಇಳಿದ ಮೂರನೆಯ ವರ್ಷ ನಾನೂ ಒಂದು ಲಾಟ್, ಅಂದರೆ ಕಿಲೋ ಲೆಕ್ಕದ ಒಂದು ಗಂಟು, ತರಿಸಿದ್ದೆ. ಮೇಲಿನ ಪದರದ ಸೀರೆಗಳು ಚೆನ್ನಾಗಿಯೇ ಇದ್ದವು. ಗಂಟು ಬಿಚ್ಚುತ್ತ ಹೋದಂತೆ ಅಳತೆ ಕಡಿಮೆಯಿರುವವು, ಪ್ರಿಂಟ್ ಸರಿದವು, ರವಿಕೆ ಬಟ್ಟೆಯಿಲ್ಲದವು, ನಡುವೆ ಜೋಡು ಹಾಕಿದವು ಹೊರಬಂದವು. ಮೂರರಲ್ಲಿ ಒಂದನ್ನು ಮಾತ್ರ ಗಿರಾಕಿಯ ಮುಖ ನೋಡಿ ಮಾರಲು ಸಾಧ್ಯವಾಯಿತು, ಉಳಿದವನ್ನು ಬಂದ ಬೆಲೆಗೆ ಕೊಟ್ಟು ಕೈತೊಳೆದುಕೊಂಡೆ. ಲಾಟ್ ಮಾರುವವರೆಲ್ಲ ಮೋಸಗಾರರೆಂದಲ್ಲ; ಕಾರ್ಖಾನೆಯಲ್ಲಿ ಉಳಿದದ್ದು ಎಲ್ಲಿಗಾದರೂ ಹೋಗಲೇಬೇಕು. ಆದರೆ ಅದನ್ನು ಸಂತೆಯಲ್ಲಿ ಹರಡಿ, ಗಿರಾಕಿ ಮುಟ್ಟಿ ನೋಡಿ ಕೊಳ್ಳುವ ಕಡೆ ಮಾರಬಹುದೇ ಹೊರತು, ಪ್ರತಿ ಸೀರೆಗೂ ಬೇರೆ ಚಿತ್ರ, ಬೇರೆ ವಿವರ ಬೇಕಾಗುವ ಆನ್‌ಲೈನ್‌ಗೆ ಅದು ಸಲ್ಲುವುದಿಲ್ಲ. ನೋಡದ ಲಾಟಿಗೆ ಮುಂಗಡವಂತೂ ಸಲ್ಲದು.

ಈಗ ಇಳಕಲ್ಲಿನ ಮಾತು. ನಿಮ್ಮ ಪತ್ರ ಓದಿದಾಗ ನನಗೆ ಅನ್ನಿಸಿದ್ದು, ನೀವು ಇರುವ ಜಾಗವೇ ನಿಮ್ಮ ದೊಡ್ಡ ಬಂಡವಾಳ ಎಂದು. ದಾವಣಗೆರೆಯಿಂದ ಒಂದು ದಿನದಲ್ಲಿ ಹೋಗಿಬರಬಹುದಾದ ಅಥವಾ ಒಂದು ರಾತ್ರಿ ಉಳಿದು ನೋಡಿಬರಬಹುದಾದ ದೂರದಲ್ಲಿ ಮೊಳಕಾಲ್ಮೂರಿನ ರೇಷ್ಮೆ ಸೀರೆ ಇದೆ, ಗದಗ-ಬೆಟಗೇರಿಯ ಮಗ್ಗಗಳಿವೆ, ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆ ಇದೆ, ಗುಳೇದಗುಡ್ಡದ ಖಣ ಎಂಬ ರವಿಕೆ ಬಟ್ಟೆ ಇದೆ, ಇಳಕಲ್ ಇದೆ, ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳ ಹತ್ತಿ ಸೀರೆಗಳಿವೆ. ಪುಣೆ, ಮುಂಬೈಯಲ್ಲಿರುವ ನಿಮ್ಮ ಗ್ರಾಹಕರಿಗೆ ಜಾರ್ಜೆಟ್ ಸೀರೆ ಪಕ್ಕದ ಬೀದಿಯಲ್ಲೇ ಸಿಗುತ್ತದೆ. ಇಳಕಲ್ ಸೀರೆಯನ್ನೂ ಖಣವನ್ನೂ ಅವರು ಹುಡುಕಿಕೊಂಡು ಬರುತ್ತಾರೆ. ಮಹಾರಾಷ್ಟ್ರದಲ್ಲಿ ಇವೆರಡಕ್ಕೂ ಹಿಂದಿನಿಂದಲೂ ಬೇಡಿಕೆಯಿದೆ. ಇಳಕಲ್ಲಿಗೆ ಹೋದಾಗ ಆರು ಗಜದ ಸೀರೆಯ ಜೊತೆಗೆ ಎಂಟು ಗಜ, ಒಂಬತ್ತು ಗಜದ, ಅಂದರೆ ಹದಿನಾರು ಮೊಳ, ಹದಿನೆಂಟು ಮೊಳದ ಸೀರೆಗಳನ್ನೂ ಕೇಳಿ ನೋಡಿ. ಕಚ್ಚೆ ಹಾಕಿ ಉಡುವವರಿಗೆ ಅವು ಬೇಕು, ದೊಡ್ಡ ಮಳಿಗೆಗಳಲ್ಲಿ ಸುಲಭವಾಗಿ ಸಿಗುವುದಿಲ್ಲ.

ಆದರೆ ಇಳಕಲ್ ಎಂಬ ಹೆಸರಿನಲ್ಲಿ ಪೇಟೆಯಲ್ಲಿರುವ ಎಲ್ಲವೂ ಒಂದೇ ಅಲ್ಲ ಎನ್ನುವುದನ್ನು ಖರೀದಿಗೆ ಮೊದಲೇ ಕಲಿಯಬೇಕು. ಸಾಂಪ್ರದಾಯಿಕ ಇಳಕಲ್ ಸೀರೆಯ ಗುಟ್ಟು ಅದರ ಸೆರಗಿನಲ್ಲಿದೆ. ಒಡಲಿನ ಹಾಸುನೂಲು, ಅಂದರೆ ಸೀರೆಯ ಉದ್ದಕ್ಕೆ ಹಾಯುವ ನೂಲು, ಮುಗಿದ ಜಾಗದಲ್ಲಿ ಸೆರಗಿನ ರೇಷ್ಮೆ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿ, ಕೆಂಪು ನೆಲದ ಮೇಲೆ ಬಿಳಿಯ ತೆನೆ ಮೂಡುವಂತೆ ನೇಯುತ್ತಾರೆ. ಅದೇ ತೋಪು ತೆನಿ ಸೆರಗು. ಸೀರೆಯನ್ನು ಬೆಳಕಿಗೆ ಹಿಡಿದು ಒಡಲೂ ಸೆರಗೂ ಕೂಡುವ ಜಾಗವನ್ನು ನೋಡಿದರೆ ಕೊಂಡಿಯ ಸಾಲು ಕಾಣುತ್ತದೆ. ಒಡಲಿನ ಬಣ್ಣದ ಹಾಸುನೂಲೇ ಸೆರಗಿನೊಳಗೂ ನೇರವಾಗಿ ಹರಿದು ಹೋಗಿದ್ದರೆ ಅದು ಕೊಂಡಿಯ ಸೀರೆಯಲ್ಲ. ನೂಲಿನಲ್ಲೂ ಭೇದಗಳಿವೆ: ಶುದ್ಧ ರೇಷ್ಮೆ, ಹತ್ತಿಯ ಒಡಲಿಗೆ ರೇಷ್ಮೆಯ ಅಂಚು-ಸೆರಗು, ರೇಷ್ಮೆಯ ಬದಲು ಹೊಳಪಿನ ರೇಯಾನ್ ನೂಲು ಹಾಕಿದ್ದು, ಪೂರ್ತಿ ಪಾಲಿಯೆಸ್ಟರ್. ಮುಟ್ಟಿ ತಿಳಿಯದಿದ್ದರೆ ಒಂದೆರಡು ಎಳೆ ಕೇಳಿ ಪಡೆದು ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬರಿಸಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಕರಿಬೂದಿ ಬಿಡುತ್ತದೆ. ಹತ್ತಿಯೂ ರೇಯಾನೂ ಕಾಗದದಂತೆ ಉರಿಯುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹೋಗುವ ಮೊದಲು ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಯೊಂದರಲ್ಲಿ ಅರ್ಧ ದಿನ ಕಳೆದು, ಸಾಧ್ಯವಾದರೆ ಒಂದು ಕೈಮಗ್ಗದ ಸೀರೆ ಕೊಂಡು ಮನೆಯಲ್ಲಿಟ್ಟುಕೊಳ್ಳಿ. ಅಸಲಿಯ ಪರಿಚಯ ಕೈಗೆ ಆಗಿದ್ದರೆ ನಕಲು ತಾನಾಗಿ ತಿಳಿಯುತ್ತದೆ.

ವಿದ್ಯುತ್ ಮಗ್ಗದ ಸೀರೆ ಮಾರಬಾರದೆಂದು ನಾನು ಹೇಳುವುದಿಲ್ಲ. ಅದನ್ನು ನೇಯುವವರೂ ನಮ್ಮ ನೇಕಾರರೇ, ಅದನ್ನು ಉಡುವವರ ಕೈಗೆಟಕುವ ಬೆಲೆಯೂ ಅದೇ. ಆದರೆ ಅದನ್ನು ಕೈಮಗ್ಗದ್ದೆಂದು ಬರೆಯಬೇಡಿ. ಈ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳಬಯಸುತ್ತೇನೆ. ಇಳಕಲ್ ಸೀರೆಗೂ ಮೊಳಕಾಲ್ಮೂರು ಸೀರೆಗೂ ಭೌಗೋಳಿಕ ಸೂಚಕದ, ಅಂದರೆ ಆ ಪ್ರದೇಶದ ಸರಕಿಗೆ ಮಾತ್ರ ಆ ಹೆಸರು ಎಂಬ ಕಾನೂನಿನ, ರಕ್ಷಣೆಯಿದೆ, ಬೇರೆಡೆ ತಯಾರಾದದ್ದಕ್ಕೆ ಆ ಹೆಸರು ಹಚ್ಚುವುದು 1999ರ ಕಾಯ್ದೆಯಡಿ ಜೈಲು, ದಂಡ ಎರಡಕ್ಕೂ ಗುರಿಯಾಗುವ ಅಪರಾಧ. ಕಾನೂನಿಗಿಂತ ಹೆಚ್ಚಾಗಿ, ಹಲವು ದಿನ ಕುಳಿತು ಒಂದು ಸೀರೆ ನೇಯ್ದವರ ಹೆಸರನ್ನು ಒಂದು ಗಂಟೆಯಲ್ಲಿ ಯಂತ್ರದಿಂದ ಬಂದ ಬಟ್ಟೆಗೆ ಅಂಟಿಸಿದರೆ ನೇಯ್ದವರ ಹೊಟ್ಟೆಯ ಮೇಲೆ ಹೊಡೆದಂತೆ. ಶುದ್ಧ ರೇಷ್ಮೆ ಎಂದು ಮಾರುವುದಾದರೆ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಜಾರಿಗೆ ತಂದ ಸಿಲ್ಕ್ ಮಾರ್ಕ್ ಚೀಟಿಯಿರುವ ಸೀರೆಯನ್ನೇ ಕೇಳಿ. ಕೈಮಗ್ಗದ್ದೆಂದು ಮಾರುವುದಾದರೆ ಹ್ಯಾಂಡ್‌ಲೂಮ್ ಮಾರ್ಕ್ ಇದೆಯೇ ನೋಡಿ. ಚೀಟಿಯ ಚಿತ್ರವನ್ನು ಸೀರೆಯ ಚಿತ್ರದ ಜೊತೆಯಲ್ಲೇ ಹಾಕಿ.

ಕೈಮಗ್ಗದ ಸೀರೆಗೆ ಮರುಪೂರೈಕೆಯ ಪ್ರಶ್ನೆ ಬೇರೆ ರೀತಿಯದು. ನೇಕಾರರ ಮನೆಗೆ ಹೋಗಿ ನೇರವಾಗಿ ಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಬಹಳಷ್ಟು ಮಗ್ಗಗಳು ನೂಲು ಕೊಟ್ಟು ಕೂಲಿಗೆ ನೇಯಿಸುವ ಮಾಲೀಕರ ಅಥವಾ ಸಹಕಾರ ಸಂಘದ ಲೆಕ್ಕದಲ್ಲಿ ನಡೆಯುತ್ತವೆ. ಆ ಮಗ್ಗದ ಮೇಲಿನ ಸೀರೆಯನ್ನು ನಿಮಗೆ ಮಾರುವ ಹಕ್ಕು ನೇಯುವವರಿಗಿರುವುದಿಲ್ಲ. ಆದ್ದರಿಂದ ಸ್ವಂತ ನೂಲು ಹಾಕಿ ನೇಯುವ ಒಂದೆರಡು ಮನೆಗಳನ್ನೋ, ಒಂದು ಸಂಘವನ್ನೋ, ಒಬ್ಬ ಮಾಲೀಕರನ್ನೋ ಹುಡುಕಿಕೊಳ್ಳಿ. ಚೌಕಾಸಿ ಮಾಡಿ ಬೆಲೆ ಇಳಿಸುವುದಕ್ಕಿಂತ, ಇದೇ ಅಂಚಿನ ನಾಲ್ಕು ಬಣ್ಣಗಳನ್ನು ತಿಂಗಳಿಗೆ ಇಷ್ಟು ಎಂದು ತಪ್ಪದೆ ಕೊಳ್ಳುತ್ತೇನೆ ಎಂಬ ಮಾತು ಕೊಡಿ ಮತ್ತು ಆ ಮಾತನ್ನು ಉಳಿಸಿಕೊಳ್ಳಿ. ಮಗ್ಗದವರಿಗೆ ಬೇಕಾಗಿರುವುದೂ ಅದೇ. ಗ್ರಾಹಕರಿಗೆ, ಈ ಬಣ್ಣ ಮುಗಿದಿದೆ, ಮಗ್ಗದಿಂದ ಇಳಿದು ಬರಲು ಒಂದು ತಿಂಗಳು ಬೇಕು ಎಂದು ಇದ್ದದ್ದನ್ನು ಇದ್ದಂತೆ ಬರೆದರೆ ಕಾಯುವವರು ನೀವೆಂದುಕೊಂಡದ್ದಕ್ಕಿಂತ ಹೆಚ್ಚು ಜನ ಇರುತ್ತಾರೆ.

ಎಲ್ಲವನ್ನೂ ಹೋಗಿ ನೋಡಿ ತರಲು ಆಗುವುದಿಲ್ಲ, ಫೋನಿನಲ್ಲೇ ವ್ಯವಹರಿಸಬೇಕಾದ ಸಂದರ್ಭ ಬರುತ್ತದೆ. ಆಗ ಮೊದಲು ಅವರ ಜಿಎಸ್‌ಟಿ ಸಂಖ್ಯೆ ಕೇಳಿ. ಹದಿನೈದು ಅಕ್ಷರಗಳ ಆ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ಗುಜರಾತಿಗೆ 24, ತಮಿಳುನಾಡಿಗೆ 33. ಮುಂದಿನ ಹತ್ತು ಅಕ್ಷರ ಪ್ಯಾನ್ ಸಂಖ್ಯೆ. ಸೂರತ್ತಿನ ತಯಾರಕರೆಂದು ಹೇಳಿಕೊಂಡವರ ಸಂಖ್ಯೆ ಬೇರೆ ರಾಜ್ಯದ ಅಂಕಿಯಿಂದ ಆರಂಭವಾದರೆ ಕಾರಣ ಕೇಳಬೇಕು. ಜಿಎಸ್‌ಟಿ ಜಾಲತಾಣದಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಸಂಸ್ಥೆಯ ಕಾನೂನುಬದ್ಧ ಹೆಸರು, ನೋಂದಣಿಯಾದ ದಿನಾಂಕ, ನೋಂದಣಿ ಚಾಲ್ತಿಯಲ್ಲಿದೆಯೇ, ರಿಟರ್ನ್ ಸಲ್ಲಿಸುತ್ತಿದ್ದಾರೆಯೇ ಎಂಬುದೆಲ್ಲ ಉಚಿತವಾಗಿ ಕಾಣುತ್ತದೆ. ಹಣ ಹಾಕಲು ಕೊಟ್ಟ ಖಾತೆಯ ಹೆಸರು ಆ ಹೆಸರಿಗೆ ಹೊಂದಬೇಕು; ಅಂಗಡಿ ಒಂದು ಹೆಸರಿನದು, ಯುಪಿಐ ಯಾರದೋ ಖಾಸಗಿ ಖಾತೆಯದು ಎಂದಾದರೆ ಅಲ್ಲಿಗೇ ನಿಲ್ಲಿಸಿ. ಮೊದಲ ಆರ್ಡರ್ ಕಳೆದುಹೋದರೂ ತಡೆದುಕೊಳ್ಳುವಷ್ಟು ಸಣ್ಣದಿರಲಿ. ಒಂದು ವೇಳೆ ಮೋಸವಾದರೆ ನಾಚಿಕೆಯಿಂದ ಸುಮ್ಮನಿರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನು ನಿಮ್ಮ ಸ್ವಂತ ನೋಂದಣಿ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ ಎಂದು ನೀವು ಕೇಳಿರಬಹುದು. ಅದು ರಾಜ್ಯದೊಳಗಿನ ಮಾರಾಟಕ್ಕೆ ಸಂಬಂಧಿಸಿದ ಮಾತು. ತೆರಿಗೆಯಿರುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ಸಾಮಾನ್ಯವಾಗಿ ಈ ಮಿತಿಯ ರಿಯಾಯಿತಿ ಸಿಗುವುದಿಲ್ಲ. ದೊಡ್ಡ ಮಾರಾಟ ತಾಣಗಳ ಮೂಲಕ ಮಾರುವುದಾದರೆ, 2023ರ ಅಕ್ಟೋಬರ್ 1ರಿಂದ, ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರು ನೋಂದಣಿಯಿಲ್ಲದೆ ಒಂದು ದಾಖಲಾತಿ ಸಂಖ್ಯೆ ಪಡೆದು ಮಾರಬಹುದು. ಅಲ್ಲೂ ಹೊರರಾಜ್ಯಕ್ಕೆ ಅವಕಾಶವಿಲ್ಲ. ಸಣ್ಣ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೋಸಿಷನ್ ಪದ್ಧತಿ ಸುಲಭವೆಂದು ಯಾರಾದರೂ ಹೇಳಿದರೆ, ಅದರಲ್ಲೂ ಹೊರರಾಜ್ಯದ ಮಾರಾಟ ನಿಷಿದ್ಧ ಎಂಬುದು ನೆನಪಿರಲಿ. ಪುಣೆಯ ಗ್ರಾಹಕರು ನಿಮಗೆ ಮುಖ್ಯರಾಗಿರುವುದರಿಂದ ಸಾಮಾನ್ಯ ನೋಂದಣಿಯನ್ನೇ ಮಾಡಿಸಿ. ಹೊಲಿಯದ ಬಟ್ಟೆಯಾದ ಸೀರೆಗೆ ತೆರಿಗೆ ಶೇ. 5, ಬಿಲ್ ಸಮೇತ ಕೊಂಡರೆ ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಬಿಲ್ ಇಲ್ಲದೆ ಸ್ವಲ್ಪ ಕಡಿಮೆಗೆ ಕೊಡುತ್ತೇನೆ ಎನ್ನುವವರ ರಿಯಾಯಿತಿಯಲ್ಲಿ ನಿಜಕ್ಕೂ ಎಷ್ಟು ಉಳಿಯುತ್ತದೆಂದು ಇದನ್ನು ಸೇರಿಸಿ ಲೆಕ್ಕ ಹಾಕಿ.

ಬೆಲೆ ಕಟ್ಟುವಾಗ ಹೊಸಬರು ಮರೆಯುವುದು ಹಿಂದಿರುಗಿ ಬರುವ ಪಾರ್ಸಲ್‌ಗಳನ್ನು. ತೆರಿಗೆ ಬಿಟ್ಟು 700 ರೂಪಾಯಿಗೆ ಕೊಂಡ ಸೀರೆಗೆ ಊರಿಗೆ ತರಿಸಿದ ಖರ್ಚು 15, ಪ್ಯಾಕಿಂಗ್ 20, ಕೊರಿಯರ್ 80 ಎಂದಿಟ್ಟುಕೊಳ್ಳಿ. ಒಟ್ಟು 815 ಆಯಿತು. ಅದನ್ನು ತೆರಿಗೆ ಸೇರಿಸಿ 1,050ಕ್ಕೆ ಮಾರಿದರೆ, ತೆರಿಗೆ ಕಳೆದು ನಿಮ್ಮದಾಗುವುದು 1,000, ಉಳಿತಾಯ 185. ಹತ್ತು ಆರ್ಡರುಗಳಲ್ಲಿ ಎರಡನ್ನು, ಮನೆ ಬಾಗಿಲಲ್ಲಿ ಹಣ ಕೊಡುವ ಗ್ರಾಹಕರು ಬೇಡವೆಂದು ಹಿಂದಕ್ಕೆ ಕಳಿಸಿದರೆ ಹೋಗಿಬರುವ ಕೊರಿಯರ್ ಮತ್ತು ಪ್ಯಾಕಿಂಗ್ ಸೇರಿ 360 ರೂಪಾಯಿ ನಷ್ಟ. ಎಂಟು ಸೀರೆಯ 1,480ರಲ್ಲಿ ಅದನ್ನು ಕಳೆದರೆ ಸೀರೆಗೆ ಉಳಿಯುವುದು 140. ಹೀಗಾಗಿ ಆರಂಭದಲ್ಲಿ ಮುಂಗಡ ಪಾವತಿಯ ಆರ್ಡರುಗಳನ್ನು ಮಾತ್ರ ತೆಗೆದುಕೊಳ್ಳುವುದು ಒಳ್ಳೆಯದು. ಹಳೆಯ ವಾಟ್ಸ್ಆಪ್ ಗ್ರಾಹಕರಿಗೆ ನಿಮ್ಮ ಮೇಲೆ ನಂಬಿಕೆ ಇದೆಯಲ್ಲ. ಸೀರೆಯನ್ನು ದೊಡ್ಡ ಪೆಟ್ಟಿಗೆಯಲ್ಲಿ ಕಳಿಸಬೇಡಿ. ಹಲವು ಕೊರಿಯರ್‌ಗಳು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಬಂದ ತೂಕಕ್ಕೂ ಹಣ ಕೇಳುತ್ತವೆ. 30, 25, 5 ಅಳತೆಯ ಚಪ್ಪಟೆ ಕವರು ಮುಕ್ಕಾಲು ಕಿಲೋ ಆಗುತ್ತದೆ. 35, 28, 10 ಅಳತೆಯ ಪೆಟ್ಟಿಗೆ ಅದೇ ಸೀರೆಗೆ ಹೆಚ್ಚುಕಡಿಮೆ ಎರಡು ಕಿಲೋ ಆಗುತ್ತದೆ.

“ಒಮ್ಮೆ ಮಾರಿದ ಸರಕನ್ನು ಹಿಂಪಡೆಯಲಾಗುವುದಿಲ್ಲ” ಎಂಬ ಸಾಲನ್ನು ನಿಮ್ಮ ಪುಟದಲ್ಲಿ ಹಾಕಿದರೆ ಅದು ನಿಮ್ಮನ್ನು ಕಾಪಾಡುವುದಿಲ್ಲ. 2020ರ ಗ್ರಾಹಕ ರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ, ದೋಷವಿದ್ದ ಅಥವಾ ವಿವರಿಸಿದಂತೆ ಇಲ್ಲದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳಲು ಮಾರುವವರು ನಿರಾಕರಿಸುವಂತಿಲ್ಲ. ಈ ಹೊಣೆ ನಿಮ್ಮ ಮೇಲಿರುವಾಗ ಅದರ ಅರ್ಧವನ್ನಾದರೂ ಸಗಟಿನವರು ಹೊರಬೇಕು. ಖರೀದಿಯ ದಿನವೇ, ಡಿಫೆಕ್ಟ್ ಬಂದರೆ ಎಷ್ಟು ದಿನದೊಳಗೆ ಬದಲಾಯಿಸಿ ಕೊಡುತ್ತೀರಿ ಎಂದು ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ ಅಥವಾ ವಾಟ್ಸ್ಆಪ್‌ನಲ್ಲಾದರೂ ಒಪ್ಪಿಗೆ ಪಡೆಯಿರಿ. ಸರಕು ಮನೆಗೆ ಬಂದ ದಿನವೇ ಪ್ರತಿ ಸೀರೆಯನ್ನು ಬಿಡಿಸಿ ಅಳೆಯಿರಿ. ಸಾಮಾನ್ಯ ಅಳತೆ ಸೀರೆಗೆ 5.50 ಮೀಟರ್, ರವಿಕೆಗೆ 0.80, ಒಟ್ಟು 6.30. ಒದ್ದೆ ಬಿಳಿ ಬಟ್ಟೆಯಿಂದ ಅಂಚನ್ನು ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿ.

ನಿಮ್ಮ ಒಂದೂವರೆ ಲಕ್ಷವನ್ನು ನಾನಾಗಿದ್ದರೆ ಹೀಗೆ ಹಂಚುತ್ತಿದ್ದೆ. ಮೊದಲ ಖರೀದಿಗೆ 40,000, ನಾಲ್ಕೈದು ಬಗೆಗಿಂತ ಹೆಚ್ಚಿಲ್ಲದೆ. ಅದರಲ್ಲಿ ಬೇಗ ಹೋದ ಬಗೆಗಳನ್ನು ಮತ್ತೆ ತರಲು 45,000. ಪ್ಯಾಕಿಂಗ್, ಬೆಳಕಿನ ವ್ಯವಸ್ಥೆ, ನೋಂದಣಿ, ಓಡಾಟಕ್ಕೆ 20,000. ಉಳಿದ 45,000ವನ್ನು ಮೊದಲ ಆರು ತಿಂಗಳು ಮುಟ್ಟುವುದಿಲ್ಲ. ಉದ್ರಿ ಕೊಡುತ್ತೇನೆ, ಇನ್ನಷ್ಟು ಒಯ್ಯಿರಿ ಎಂದು ಸಗಟಿನವರು ಪ್ರೀತಿಯಿಂದಲೇ ಹೇಳಬಹುದು. ಮೊದಲ ವರ್ಷ ಅದಕ್ಕೆ ಒಪ್ಪಬೇಡಿ, ಏಕೆಂದರೆ ಉದ್ರಿಯಲ್ಲಿ ಬಂದ ಸರಕನ್ನು ನೀವು ಆರಿಸಿರುವುದಿಲ್ಲ, ಅವರು ಖಾಲಿ ಮಾಡಿರುತ್ತಾರೆ.

ಹೋಗುವುದಕ್ಕೆ ಸಮಯವನ್ನೂ ನೋಡಿಕೊಳ್ಳಿ. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಸಗಟು ಅಂಗಡಿಗಳಲ್ಲಿ ಬಿಡುವಿರುತ್ತದೆ, ಕೂರಿಸಿ ಮಾತಾಡಿಸುತ್ತಾರೆ. ಆಗ ತಂದ ಸರಕು ಶ್ರಾವಣದ ವರಮಹಾಲಕ್ಷ್ಮಿ ಹಬ್ಬಕ್ಕೆ ಚಿತ್ರ ಸಮೇತ ಸಿದ್ಧವಾಗಿರುತ್ತದೆ. ದೀಪಾವಳಿಯ ನಂತರ ಸೂರತ್ತಿನ ಪೇಟೆ ಹಲವು ದಿನ ಮುಚ್ಚಿರುವುದರಿಂದ ಆ ಮಾಲನ್ನು ನಂಬಿ ಆ ವಾರದ ಆರ್ಡರ್ ಒಪ್ಪಿಕೊಳ್ಳಬೇಡಿ. ಮೊದಲ ಪ್ರಯಾಣ ಇಳಕಲ್ ಮತ್ತು ಗುಳೇದಗುಡ್ಡಕ್ಕಿರಲಿ, ಜೊತೆಗೆ ಅಳತೆಯ ಟೇಪು, ಬಿಳಿ ಬಟ್ಟೆ, ಬೆಂಕಿಪೊಟ್ಟಣ, ಒಂದು ನೋಟ್‌ಬುಕ್ಕು ಇರಲಿ. ಯಾವ ಸೀರೆ ಯಾರಿಂದ, ಎಷ್ಟಕ್ಕೆ, ಯಾವ ದಿನ ಬಂತು, ಯಾವ ದಿನ ಹೋಯಿತು ಎಂದು ಎರಡು ತಿಂಗಳು ಬರೆದಿಟ್ಟು ಆ ಪುಟಗಳನ್ನು ನನಗೆ ಕಳಿಸಿದರೆ, ಎರಡನೆಯ ಖರೀದಿಯಲ್ಲಿ ಯಾವುದನ್ನು ಕೈಬಿಡಬೇಕೆಂದು ಹೇಳಬಲ್ಲೆ.